ಘಾಟಿಯಲ್ಲಿ ನಿಂತರೆ?

ಚಿ. ಮೇಘನಾಳಿಗೆ ನಿನ್ನ ಚಿಕ್ಕಪ್ಪನ ಆಶೀರ್ವಾದಗಳು.

ಪತ್ರ ಮೊನ್ನೆ ತಲುಪಿತು. ಅಣ್ಣನ ತಪಾಸಣೆ, ಅವನನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಮಣಿಪಾಲಕ್ಕೆ ಹೋಗಿಬರುವ ಪಾಡು, ಇವನ್ನೆಲ್ಲ ಮತ್ತೆ ಬರೆಯುವುದಿಲ್ಲ. ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಳ್ಳಲೋ ಬೇಡವೋ ಎಂದು ನೀನು ಕೇಳಿಯೂ ಇಲ್ಲ. ಆದರೆ ಮೂರನೆಯ ಪುಟದ ಕೊನೆಯಲ್ಲಿ ಒಂದು ಸಾಲು ಬರೆದು ಹೊಡೆದುಹಾಕಿದ್ದೀಯಲ್ಲ, ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದೆ. 'ಅಪ್ಪ ಹಿಂದಿನ ಸೀಟಿನಲ್ಲಿ ಮಲಗಿರುವಾಗ ಘಾಟಿಯಲ್ಲಿ ನಿಂತುಬಿಟ್ಟರೆ?' ಎರಡು ರಾತ್ರಿಯಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ.

ಆ ಹೆದರಿಕೆ ನಿನಗೆ ಎಲ್ಲಿಂದ ಬಂತೆಂದು ನನಗೆ ಗೊತ್ತು. ನಮ್ಮ ಮನೆಯಲ್ಲಿ ಯಾರಾದರೂ ಸೆಕೆಂಡ್ ಹ್ಯಾಂಡ್ ಗಾಡಿಯ ಮಾತೆತ್ತಿದರೆ ಸಾಕು, ನಿನ್ನಪ್ಪ ಆಗುಂಬೆಯ ಕಥೆ ತೆಗೆಯುತ್ತಾನೆ. 'ಹಳೆಯ ಗಾಡಿಯನ್ನು ನಂಬಿ ಅಮ್ಮನನ್ನು ಮಳೆಯಲ್ಲಿ ನೆನೆಸಿದ' ಎಂದು ನನ್ನತ್ತ ಕೈ ತೋರಿಸುತ್ತಾನೆ. ನಾನು ನಗುತ್ತೇನೆ. ಇಷ್ಟು ವರ್ಷ ನಕ್ಕಿದ್ದೇನೆ.

1998ರ ಜುಲೈ ಅದು. ನನ್ನದು 1989ರ ಮಾರುತಿ 800, ಕಾರ್ಬುರೇಟರಿನ ಕಾಲದ್ದು. ನಾನು ಅದರ ಮೂರನೆಯ ಮಾಲೀಕ. ಅಮ್ಮನ ಕಣ್ಣು ತೋರಿಸಿಕೊಂಡು ಮಣಿಪಾಲದಿಂದ ವಾಪಸು ಬರುತ್ತಿದ್ದೆವು. ಸೋಮೇಶ್ವರ ದಾಟಿ ಏರು ಶುರುವಾದಾಗ ಟೆಂಪರೇಚರಿನ ಮುಳ್ಳು ಅರ್ಧಕ್ಕಿತ್ತು, ನಾಲ್ಕನೆಯ ತಿರುವಿಗೆ ಮುಕ್ಕಾಲು. ಇನ್ನು ಹತ್ತೇ ತಿರುವು ಎಂದುಕೊಂಡು ಮೊದಲನೆಯ ಗೇರಿನಲ್ಲಿ ಹತ್ತಿಸುತ್ತಲೇ ಇದ್ದೆ. ಏಳನೆಯದರಲ್ಲಿ ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು, ಗಾಡಿ ನಿಂತಿತು. ಅವಸರದಲ್ಲಿ ರೇಡಿಯೇಟರಿನ ಮುಚ್ಚಳ ತಿರುಗಿಸಿದೆ. ಬಲಗೈಯ ಕಲೆ ನೀನು ಚಿಕ್ಕವಳಿದ್ದಾಗ ಮುಟ್ಟಿ ಮುಟ್ಟಿ ನೋಡುತ್ತಿದ್ದೆಯಲ್ಲ, ಅದೇ. ಅಮ್ಮ ಕಣ್ಣಿಗೆ ಹಾಕಿದ ಬಟ್ಟೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ತಡೆಗೋಡೆಯ ಮೇಲೆ ಎರಡು ಗಂಟೆ ಕೂತಿದ್ದಳು. ಕೊನೆಗೆ ಒಂದು ಮಿನಿ ಬಸ್ಸಿನವರು ಹತ್ತಿಸಿಕೊಂಡರು. 'ಪಾಪ, ಅದಕ್ಕೂ ವಯಸ್ಸಾಯಿತಲ್ಲ' ಎಂದು ಅಮ್ಮ ಗಾಡಿಯ ಪರವಾಗಿ ಮಾತಾಡಿದಳು. ನಾನು ಹೂಂ ಎಂದೆ.

ಅಣ್ಣನಿಗೆ ಗೊತ್ತಿಲ್ಲದ್ದು ಇದು. ರೇಡಿಯೇಟರಿನ ನೀರು ಹರಿಯುವ ರಬ್ಬರಿನ ಹೋಸ್ ಪೈಪ್ ಬಿರುಕು ಬಿಟ್ಟಿರುವುದು ನನಗೆ ಎಂಟು ದಿನ ಮೊದಲೇ ತಿಳಿದಿತ್ತು. ಗ್ಯಾರೇಜಿನವನು 'ಹೊಸದು ಹಾಕಿಸಿಬಿಡಿ ಮೇಷ್ಟ್ರೇ' ಎಂದಿದ್ದ. ಸಂಬಳವಾಗಲಿ ಎಂದು ನಾನೇ ಸೈಕಲ್ಲಿನ ಹಳೆಯ ಟ್ಯೂಬು ಸೀಳಿ ಅದಕ್ಕೆ ಸುತ್ತಿ ಬಿಗಿದಿದ್ದೆ. ಗಾಡಿಗೆ ವಯಸ್ಸಾಗಿತ್ತು, ನಿಜ. ಆದರೆ ಅವತ್ತು ನಿಂತದ್ದು ನನ್ನ ಜಿಪುಣತನದಿಂದ. ಅಮ್ಮ ಆಮೇಲೆ ಆ ಕಾರು ಹತ್ತಲೇ ಇಲ್ಲ. ಬಸ್ಸಿನಲ್ಲಿ ಕಿಟಕಿ ದೊಡ್ಡದು ಎನ್ನುತ್ತಿದ್ದಳು.

ಇಷ್ಟು ಬರೆದ ಮೇಲೆ ನಿನಗೆ ಬುದ್ಧಿ ಹೇಳಲು ನಾಚಿಕೆಯಾಗುತ್ತದೆ. ಆದರೂ ಕೇಳು. ನೀನು ನೋಡಿರುವ 2014ರ ಆಲ್ಟೊ 800ರ ಎಂಜಿನ್ನಿಗೆ ಟೈಮಿಂಗ್ ಬೆಲ್ಟ್ ಇದೆ, ಒಳಗಿನ ಭಾಗಗಳನ್ನು ತಾಳ ತಪ್ಪದಂತೆ ಓಡಿಸುವ ರಬ್ಬರಿನ ಪಟ್ಟಿ. ಆಲ್ಟೊ ಕೆ10 ಆದರೆ ಅದರ ಬದಲು ಚೈನು. ಬೆಲ್ಟ್ ಹರಿಯುವ ಮೊದಲು ಮುಳ್ಳು ಏರಿಸಿ ಎಚ್ಚರಿಸುವುದಿಲ್ಲ, ಹರಿದರೆ ನಿಂತ ಹಾಗೆಯೇ. ಅರವತ್ತೆರಡು ಸಾವಿರವೇ ಓಡಿದೆ ಎಂದು ಮಾರುವವರು ಹೇಳಿಯಾರು, ಆದರೆ ರಬ್ಬರಿಗೆ ಕಿಲೋಮೀಟರಿನ ಜೊತೆ ವರ್ಷವೂ ಲೆಕ್ಕ. ಬದಲಿಸಿದ ಬಿಲ್ ತೋರಿಸದಿದ್ದರೆ ಬದಲಿಸಿಲ್ಲವೆಂದೇ ತಿಳಿದು, ತೆಗೆದುಕೊಂಡ ವಾರವೇ ಹಾಕಿಸು. ಜೊತೆಗೆ ಹೋಸ್ ಪೈಪುಗಳನ್ನೂ. ಪೆಟ್ರೋಲ್ ಪೈಪನ್ನೂ ನೋಡಿಸು. ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ 20 ಪಾಲು ಎಥನಾಲ್ ಬೆರೆತದ್ದು, ಆ ವರ್ಷದ ಗಾಡಿಯ ರಬ್ಬರನ್ನು ಅದಕ್ಕೆಂದು ಮಾಡಿರಲಿಲ್ಲ. ಹೌದು, ಮತ್ತೆ ರಬ್ಬರಿಗೇ ಬಂದೆ.

ಖರ್ಚಿನ ಲೆಕ್ಕ ಬ್ಯಾಂಕಿನಲ್ಲಿರುವ ನಿನಗೆ ನಾನೇನು ಹೇಳಲಿ. ತೀರ್ಥಹಳ್ಳಿಯಿಂದ ಹೋಗಿಬರಲು ಹತ್ತು ಲೀಟರ್ ಹಿಡಿದುಕೋ. ಅಷ್ಟು ಚಿಕ್ಕ ಎಂಜಿನ್ನಿಗೆ ಥರ್ಡ್ ಪಾರ್ಟಿ ವಿಮೆಯನ್ನು 2022ರಲ್ಲಿ ವರ್ಷಕ್ಕೆ 2,094 ರೂಪಾಯಿ ಎಂದು ನಿಗದಿ ಮಾಡಿದ್ದರು, ಮೇಲೆ ತೆರಿಗೆ. ವಿಮೆಯ ಹಣ ಕೇಳದ ವರ್ಷಗಳಿಗೆ ಸಿಗುವ ರಿಯಾಯಿತಿ, ಅಂದರೆ ಮಾರುವವರ ನೋ ಕ್ಲೇಮ್ ಬೋನಸ್, ಅವರ ಜೊತೆಗೇ ಹೋಗುತ್ತದೆ, ನಿನಗೆ ಬರುವುದಿಲ್ಲ. ಆರ್‌ಸಿ, ಅಂದರೆ ನೋಂದಣಿ ಪತ್ರ, 2029ರ ತನಕ; ಆಮೇಲೆ ಗಾಡಿ ಓಡಲು ಯೋಗ್ಯವೆಂಬ ಎಫ್‌ಸಿ ಮಾಡಿಸಿ ಮತ್ತೆ ನೋಂದಾಯಿಸಬೇಕು. 2022ರ ಏಪ್ರಿಲ್‌ನಲ್ಲಿ ಮರುನೋಂದಣಿಯ ಶುಲ್ಕವನ್ನು ಆರುನೂರರಿಂದ ಐದು ಸಾವಿರಕ್ಕೆ ಏರಿಸಿದ್ದಾರೆ. ಗಾಡಿಯನ್ನು ನಿನ್ನ ಹೆಸರಿಗೆ ಮಾಡುವ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಳ್ಳದೆ ಪೂರ್ತಿ ಹಣ ಕೊಡಬೇಡ. ಕೇಳುವ ಬೆಲೆಯಲ್ಲಿ ಇಪ್ಪತ್ತೈದು ಸಾವಿರ ಚೌಕಾಸಿ ಮಾಡಿ ಇಳಿಸಿದರೆ ಉಳಿತಾಯವಾಯಿತೆಂದುಕೊಳ್ಳಬೇಡ. ಬೆಲ್ಟು, ಬ್ಯಾಟರಿ, ಟೈರುಗಳಿಗೆ ಅದು ಸಾಲದೆಯೂ ಹೋದೀತು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2318 ಎಂದಿದ್ದರೆ 2018ರ ಇಪ್ಪತ್ತಮೂರನೆಯ ವಾರದ್ದು. ಅಂಥದ್ದನ್ನು ಹೊಳಪು ಹಚ್ಚಿ ನಿಲ್ಲಿಸಿರುತ್ತಾರೆ, ಮಳೆಗಾಲದ ಘಾಟಿಗೆ ಬೇಡ.

ಇಷ್ಟೆಲ್ಲ ಮಾಡಿಸಿದ ಮೇಲೂ ನಿಂತರೆ? ನಿಲ್ಲಲಾರದು ಎಂದು ನಾನು ಬರೆದುಕೊಡಲಾರೆ, ಮಗಳೇ. ಹೊಸ ಗಾಡಿಗಳೂ ಅಲ್ಲಿ ನಿಂತದ್ದನ್ನು ನೋಡಿದ್ದೇನೆ, ಸುತ್ತ ಮಂಗಗಳು ಕೂತಿರುತ್ತವೆ. ಹಗಲಿನಲ್ಲಿ ಹತ್ತಿ ಇಳಿ. ಘಾಟಿಯಲ್ಲಿ ಮೊಬೈಲ್ ನಂಬಬೇಡ, ಸೋಮೇಶ್ವರದಲ್ಲೇ ನನಗೊಂದು ಫೋನ್ ಮಾಡಿ ಏರು ಹಿಡಿ. ಒಂದು ಗಂಟೆಯಲ್ಲಿ ಆಗುಂಬೆಯಿಂದ ಫೋನ್ ಬರದಿದ್ದರೆ ಯಾರನ್ನಾದರೂ ಕಳಿಸುತ್ತೇನೆ. ಡಿಕ್ಕಿಯಲ್ಲಿ ಐದು ಲೀಟರ್ ನೀರು, ಅಣ್ಣನಿಗೆ ಒಂದು ಶಾಲು, ಮಡಚುವ ಕುರ್ಚಿ. ಕುರ್ಚಿ ಏಕೆಂದು ನಗಬೇಡ. ಆ ತಡೆಗೋಡೆ ತುಂಬಾ ತಣ್ಣಗಿರುತ್ತದೆ.

ಪೈಪಿನ ವಿಷಯ ಅಣ್ಣನಿಗೆ ನೀನು ಹೇಳಬೇಡ. ಈ ಸಲ ಬಂದಾಗ ನಾನೇ ಹೇಳುತ್ತೇನೆ. ಗಾಡಿ ನೋಡಲು ಹೋಗುವ ದಿನ ತಿಳಿಸು, ಮೊದಲ ಬಸ್ಸಿಗೆ ಹೊರಡುತ್ತೇನೆ. ನಾವು ಬರುವ ಮೊದಲೇ ಸ್ಟಾರ್ಟ್ ಮಾಡಿ ಬಿಸಿಯಾಗಿ ಇಡಬೇಡಿ ಎಂದು ಅವರಿಗೆ ಹೇಳಿರು. ತಣ್ಣಗಿರುವಾಗಲೇ ಬಾನೆಟ್ ತೆಗೆದು ನೋಡಬೇಕು.

ಇಂತಿ,
ನಿನ್ನ ಚಿಕ್ಕಪ್ಪ