ಬರದ ಗಾಡಿಗೆ ಹಚ್ಚಿದ ದೀಪ

ಅರಸೀಕೆರೆ
ಭಾನುವಾರ ರಾತ್ರಿ

ಚಿ|| ಪುಟ್ಟನಿಗೆ ಮಾವನ ಆಶೀರ್ವಾದಗಳು.

ನಿನ್ನ ಕಾಗದ ಮಂಗಳವಾರ ಬಂತು. ಕಣ್ಣಿನ ಆಪರೇಷನ್ ಆದ ಮೇಲೆ ನನಗೆ ಫೋನಿನಲ್ಲಿ ಓದೋದಕ್ಕೆ ಆಗಲ್ಲ ಅನ್ನೋದನ್ನ ನೆನಪಿಟ್ಟುಕೊಂಡು ಕೈಯಲ್ಲೇ ಬರೆದಿದ್ದೀಯ, ಫೋಟೊಗಳನ್ನೂ ದೊಡ್ಡದಾಗಿ ಹಾಕಿಸಿದ್ದೀಯ. ನಿನ್ನತ್ತೆ ಅವನ್ನು ಬೀದಿಗೆಲ್ಲ ತೋರಿಸಿಕೊಂಡು ಬಂದಳು. ಇಲ್ಲಿಯ ಸಮಾಚಾರ ನಿನಗೆ ಗೊತ್ತಿರೋದೇ, ಬರೆಯೋದಿಲ್ಲ.

ನಾಲ್ಕು ಪುಟದಲ್ಲಿ ಮೂರೂಮುಕ್ಕಾಲು ಪುಟ ನೀನು ಮೇಜಿನ ಮೇಲೆ ಮಾಡಿರೋ ಪುಟಾಣಿ ರೈಲು, ಗಾಳಿ ಗಿರಣಿಯ ಮಾದರಿಯದ್ದೇ ವಿಷಯ: ಅಂಟು, ಹುಲ್ಲು, ಹಳಿ, ಪ್ಲಾಸ್ಟರು. ಕೊನೆಗೆ ಸಹಿ ಹಾಕೋ ಜಾಗದಲ್ಲಿ ಇಕ್ಕಟ್ಟಿಗೆ ತುರುಕಿ ಒಂದು ಮಾತು. "ಮಾವ, ಗಿರಣೀನ ಆಫ್ ಮಾಡೋಕೆ ಧೈರ್ಯ ಬರ್ತಿಲ್ಲ. ನಿಲ್ಲಿಸಿದರೆ ಮತ್ತೆ ತಿರುಗಲ್ಲವೇನೋ ಅನ್ನಿಸುತ್ತೆ. ರಾತ್ರಿಯೂ ಓಡ್ತಾನೇ ಇರುತ್ತೆ." ಅದರ ಹಿಂದೆಯೇ "ಅತ್ತೆಗೆ ನಮಸ್ಕಾರ" ಅಂತ ಬರೆದು ಮುಗಿಸಿಬಿಟ್ಟಿದ್ದೀಯ.

ಮೊದಲ ಸಲ ಓದಿದಾಗ ಇದು ಮೋಟಾರಿನ ತಕರಾರು ಅಂದುಕೊಂಡೆ. ಜೀವಮಾನವೆಲ್ಲ ಸಿಗ್ನಲ್ ರಿಪೇರಿ ಮಾಡಿದವನಿಗೆ ಬೇರೇನು ಹೊಳೆಯಬೇಕು? ಅವತ್ತೇ ಒಂದು ಉತ್ತರ ಬರೆದೆ, ಬರೀ ವೋಲ್ಟು, ಗೇರು, ಎಣ್ಣೆ. ಅಂಚೆಗೆ ಹಾಕೋ ಮೊದಲು ನಿನ್ನ ಕಾಗದ ಇನ್ನೊಂದು ಸಲ ಬಿಡಿಸಿದೆ. ನಾನು ಬರೆದದ್ದನ್ನ ಹರಿದು ಒಲೆಗೆ ಹಾಕಿದೆ. ಐದು ದಿನ ಆದ ಮೇಲೆ ಈಗ ಮತ್ತೆ ಕೂತಿದ್ದೇನೆ.

ಕೆಲಸ ಚೆನ್ನಾಗಿದೆ ಪುಟ್ಟ. ನೆದರ್ಲೆಂಡ್ಸ್‌ಗೆ ಪ್ರವಾಸ ಹೋದವರೆಲ್ಲ ಕಿಂಡರ್‌ಡೈಕ್‌ನಲ್ಲಿ ಸಾಲಾಗಿ ನಿಂತ 19 ಗಿರಣಿಗಳ ಮುಂದೆ ಫೋಟೊ ತೆಗೆಸಿಕೊಂಡು ಬರ್ತಾರೆ. ನೀನು ಅದನ್ನ ಬಿಟ್ಟು ನಿಮ್ಮ ಐಂಡ್‌ಹೋವನ್ ಪಕ್ಕದ ನೂನೆನ್ ಊರಿನ ಒಂಟಿ ಗಿರಣಿ ಆರಿಸಿಕೊಂಡದ್ದು ನನಗೆ ಹಿಡಿಸಿತು. 1884ರದ್ದು, ಚಿತ್ರಕಾರ ವ್ಯಾನ್ ಗೋ ಆ ಊರಲ್ಲಿ ಇದ್ದ ಕಾಲದ್ದು ಅಂತ ಬರೆದಿದ್ದೀಯ. ಗಿರಣಿ ನಿಂತ ಮಣ್ಣಿನ ದಿಬ್ಬದ ಮೇಲೆ ಹುಲ್ಲು ಒಂದೊಂದು ಕಡೆ ಬೋಳಾಗಿ, ಒಂದೊಂದು ಕಡೆ ಜೊಂಪೆಯಾಗಿ ಇದೆಯಲ್ಲ, ಅಲ್ಲಿ ಕುರಿ ಮೇಯ್ದ ಹಾಗೇ ಕಾಣುತ್ತೆ. ಹೆಲ್ಮಂಡ್‌ಗೆ ಹೋಗೋ ರೈಲು ದಾರಿ ನಿಜವಾಗಿ ಅಷ್ಟು ಹತ್ತಿರ ಇಲ್ಲ, ನಾನೇ ಎಳೆದು ತಂದೆ ಅಂತ ಒಪ್ಪಿಕೊಂಡಿದ್ದೀಯ. ಇರಲಿ ಬಿಡು, ರೈಲ್ವೆಯವರೇ ಬೇಕಾದ ಕಡೆಗೆ ಎಳೆದಿರೋದು ನಾನು ನೋಡಿದ್ದೇನೆ. ಹಳಿಯ ಅಗಲ 16.5 ಮಿ.ಮೀ. ಅಂದೆ, ಅಳತೆ 87ರಲ್ಲಿ ಒಂದು ಪಾಲು ಅಂದೆ. ಗುಣಿಸಿ ನೋಡಿದೆ, ಅಲ್ಲಿಯ ನಿಜವಾದ ಹಳಿಯ 1435 ಮಿ.ಮೀ.ಗೆ ಸರಿಯಾಗಿ ಬಂತು. ನಮ್ಮ ಮೀಟರ್ ಗೇಜ್ ಮಾಡಿದ್ದರೆ ನಿನಗೆ ಹನ್ನೆರಡು ಮಿ.ಮೀ.ಗೂ ಕಮ್ಮಿ ಸಾಕಿತ್ತು, ಮೇಜೂ ಚಿಕ್ಕದಾಗಿ ಮುಗಿಯುತ್ತಿತ್ತು!

ಆದರೆ ರಾತ್ರಿಯೆಲ್ಲ ಯಾಕೆ ಓಡಬೇಕು ಅದು?

ಒಲೆಗೆ ಹಾಕಿದ ಕಾಗದದಲ್ಲಿದ್ದ ಒಂದೆರಡು ಮಾತು ಸುಳ್ಳೇನಲ್ಲ, ಹೇಳಿಬಿಡ್ತೇನೆ. ನಿಮಿಷಕ್ಕೆ 60 ಸುತ್ತು ತಿರುಗೋ 12 ವೋಲ್ಟಿನ ಮೋಟಾರು ತಂದು, ನಾಲ್ಕು ವೋಲ್ಟಿಗೆ ಇಳಿಸಿ ಓಡಿಸ್ತಿದ್ದೀಯ. ನಿಜವಾದ ಗಿರಣಿ ಮೈತುಂಬ ಗಾಳಿ ಇದ್ದಾಗ ಇಪ್ಪತ್ತು ಸುತ್ತು, ಅಲ್ಲಿಯವರು ಮುಂದೆ ಹಾದುಹೋಗೋ ರೆಕ್ಕೆಗಳನ್ನ ಎಣಿಸಿ ಎಂಬತ್ತು ಅಂತಾರೆ ಎಂದೆಯಲ್ಲ, ಆ ನಿಧಾನ ಬರಲಿ ಅಂತ ಹಾಗೆ ಮಾಡಿದ್ದೀಯ. ತಪ್ಪಾಗಿರೋದು ಅಲ್ಲೇ. ಅಷ್ಟು ಕಮ್ಮಿ ವೋಲ್ಟಿನಲ್ಲಿ ಓಡ್ತಾ ಇರೋ ಮೋಟಾರು ಓಡುತ್ತೆ, ನಿಂತ ಮೋಟಾರಿಗೆ ಏಳೋ ತ್ರಾಣ ಇರಲ್ಲ. ಎರಡು ಸಲ ಬೆರಳು ತಾಗಿಸಿದ ಮೇಲೆ ಹೊರಟಿತು ಅಂದೆ. ಇನ್ನು ಹಾಗೆ ತಳ್ಳಬೇಡ, ಗೇರಿನ ಹಲ್ಲು ಹೋಗುತ್ತೆ. ಇಪ್ಪತ್ತೋ ಮೂವತ್ತೋ ಸುತ್ತಿನ ಗೇರ್ ಮೋಟಾರು ಸಿಕ್ಕರೆ ಪೂರ್ತಿ ವೋಲ್ಟಿನ ಹತ್ತಿರ ಓಡಿಸಬಹುದು, ಹೊರಡುವಾಗ ಒದ್ದಾಡಲ್ಲ. ನನಗೆ ಗೊತ್ತಿರೋದು ಇಷ್ಟು. ನಿಮ್ಮ ಕಾಲದ ಸರ್ಕ್ಯೂಟು ನಿನಗೇ ಚೆನ್ನಾಗಿ ಗೊತ್ತು, ಮುದುಕ ಏನೋ ಬರೆದ ಅಂದುಕೊ.

ನಿನ್ನ ಭಯಕ್ಕೆ ಕಾರಣ ಇದೊಂದೇ ಆಗಿದ್ದರೆ ಮೋಟಾರು ಬದಲಾಯಿಸಿ ಮುಗಿಸ್ತಿದ್ದೆ. ನಿನಗೆ ಬರದ ಕೆಲಸವೇನಲ್ಲ ಅದು. ಗಿರಣಿಯ ತಲೆ ಒಳಗೆ ಹಿತ್ತಾಳೆ ಕೊಳವೆ ಓರೆಯಾಗಿ ಕೂರಿಸಿ, ಒಂದಡಿಯ ಹತ್ತಿರ ಹತ್ತಿರದ ರೆಕ್ಕೆಗಳನ್ನ ತೂಗಿ ತೂಗಿ ಜೋಡಿಸಿದವನು ನೀನು. ಸದ್ದಿಗೆ ಮಗು ಏಳುತ್ತೆ ಅಂತಲೂ ಬರೆದಿದ್ದೀಯ. ಮಗು ಎದ್ದರೂ ಆಫ್ ಮಾಡಿಲ್ಲ. ಅಲ್ಲಿ ನನಗೆ ಚುರ್ ಅಂದಿತು.

ನಿನಗೆ ಒಂದು ವಿಷಯ ಹೇಳಿಲ್ಲ. ಹೇಳಿದ್ದೇನೋ ಏನೋ, ಹೇಳಿದ್ದರೂ ನಗಾಡಿಕೊಂಡು ಹೇಳಿರ್ತೇನೆ. 1996ರಲ್ಲಿ ಸಕಲೇಶಪುರದ ಘಾಟಿಯಲ್ಲಿ ಮೀಟರ್ ಗೇಜ್ ಗಾಡಿ ನಿಂತಿತಲ್ಲ, ಆಗ ನಾನು ಅಲ್ಲೇ ಇದ್ದೆ. ಆ ಲೈನು ಪೂರ್ತಿಯಾಗಿದ್ದು 1979ರಲ್ಲಿ. 57 ಸುರಂಗ ಕೊರೆದು ಮಾಡಿದ್ದು, ಹದಿನೇಳು ವರ್ಷಕ್ಕೆ ಬ್ರಾಡ್ ಗೇಜ್ ಮಾಡ್ತೀವಿ ಅಂತ ಕಿತ್ತರು. ಊರಿನವರೆಲ್ಲ ಹೇಳ್ತಿದ್ದದ್ದು ಒಂದೇ ಮಾತು, ಒಂದು ಸಲ ನಿಂತರೆ ಮುಗೀತು, ಇನ್ನು ಈ ಘಾಟಿಯಲ್ಲಿ ಗಾಡಿ ಕಾಣಲ್ಲ ಅಂತ.

ಕೈಮರಕ್ಕೆ, ಅಂದರೆ ಕಂಬದ ಮೇಲೆ ಕೈ ಚಾಚಿರೋ ಹಳೇ ಸಿಗ್ನಲ್ಲಿಗೆ, ಸಂಜೆ ಹೊತ್ತು ಏಣಿ ಹತ್ತಿ ಸೀಮೆಎಣ್ಣೆ ದೀಪ ಇಡಬೇಕು. ಗಾಡಿಯೇ ಇಲ್ಲ ಅಂದ ಮೇಲೆ ದೀಪ ಯಾರಿಗೆ? ನಾನು ಮಾತ್ರ ಹತ್ತಿದೆ. ಮಾರನೇ ದಿನವೂ ಹತ್ತಿದೆ. ಬತ್ತಿ ಕತ್ತರಿಸಿ, ಗಾಜು ಒರೆಸಿ, ಗೂಡಿನಲ್ಲಿ ಇಟ್ಟು ಇಳಿದು ಬರ್ತಿದ್ದೆ. ಮಳೆಗೆ ಏಣಿಯ ಮೆಟ್ಟಿಲು ಪಾಚಿ ಕಟ್ಟಿ ಜಾರ್ತಿತ್ತು. ಕೆಳಗೆ ನಿಂತು ನೋಡಿದರೆ ಮಂಜಿನಲ್ಲಿ ಕೆಂಪಗೆ ಒಂದು ಚುಕ್ಕೆ, ಅಷ್ಟೇ. ಹನ್ನೊಂದು ರಾತ್ರಿ ಹಾಗೆ ಮಾಡಿದೆ. ನಿನ್ನತ್ತೆಗೂ ಹೇಳಲಿಲ್ಲ, ಡ್ಯೂಟಿ ಇದೆ ಅಂತಿದ್ದೆ. ದೀಪ ಇಡೋದು ಬಿಟ್ಟರೆ ನಾನೇ ಮುಚ್ಚಿದ ಹಾಗಾಗುತ್ತೆ ಅಂತ ನನಗೆ. ದೊಡ್ಡ ಸಾಹೇಬರು ದಿಲ್ಲಿಯಲ್ಲಿ ಕೂತು ನಿಲ್ಲಿಸಿದ ಲೈನು, ಈ ಸಿಗ್ನಲ್ಲಿನವನು ದೀಪ ಆರಿಸಿದ್ದರಿಂದ ನಿಂತುಹೋಯಿತು ಅನ್ನೋ ಹಾಗೆ.

ಬಿಡಿಸಿದ್ದು ನಿನ್ನಮ್ಮ, ನನ್ನಕ್ಕ. ನಿನ್ನನ್ನೂ ಕರಕೊಂಡು ಬಂದಿದ್ದಳು, ನಿನಗೆ ಹತ್ತು ವರ್ಷ ಇರಬೇಕು. ಅವತ್ತು ಹನ್ನೆರಡನೇ ಸಂಜೆ. ನಾನು ದೀಪ ಹಿಡಿದು ಹೊರಟಾಗ ಹಿಂದೆಯೇ ಬಂದಳು, ಏಣಿ ಬುಡದಲ್ಲಿ ಸೆರಗು ಸಿಕ್ಕಿಸಿ ನಿಂತಳು. ನಾನು ಬಾಯಿ ಬಿಡಲಿಲ್ಲ, ಅವಳಿಗೆ ಹೇಗೋ ಗೊತ್ತಾಗಿತ್ತು. "ಗಾಡಿ ಬರದ ದಾರೀಲಿ ದೀಪ ಇಟ್ಟರೆ ಕಾಡುಹಂದಿ ನೋಡುತ್ತೆ ಕಣೋ. ಸೀಮೆಎಣ್ಣೆ ಮನೆಗೆ ತಾ, ಕರೆಂಟಿಲ್ಲ" ಅಂದಳು. ಅಷ್ಟೇ ಅಂದಿದ್ದು. ದೀಪ ಮನೆಗೆ ಬಂತು. ಅದರ ಬೆಳಕಲ್ಲೇ ಅವತ್ತು ನೀನು ಚೌಕಾಬಾರ ಆಡಿ, ಸೋತು, ಕವಡೆ ಎಸೆದು ಅತ್ತಿದ್ದು. ನಿನಗೆ ನೆನಪಿಲ್ಲದೆ ಇರಬಹುದು.

2006ರಲ್ಲಿ ಗೂಡ್ಸು ಬಂತು, ಮಾರನೇ ವರ್ಷ ಡಿಸೆಂಬರಿಗೆ ಪ್ಯಾಸೆಂಜರ್ ಗಾಡಿಯೂ ಬಂತು. ಹತ್ತು ಹನ್ನೊಂದು ವರ್ಷ ಹಿಡಿಯಿತು. ಇದನ್ನ ಹೇಳಿ ನಿನಗೆ ಸಮಾಧಾನ ಮಾಡೋಣ ಅಂತ ಮೊದಲು ಯೋಚಿಸಿದೆ, ನಿಂತದ್ದು ಮತ್ತೆ ಹೊರಡುತ್ತೆ ನೋಡು ಅಂತ. ಆಮೇಲೆ ಬೇಡ ಅನ್ನಿಸಿತು. ಎಲ್ಲ ನಿಂತದ್ದೂ ಹೊರಡಲ್ಲ. ನಿನಗೂ ಗೊತ್ತು, ನನಗೂ ಗೊತ್ತು, ನಿನ್ನ ಹತ್ತಿರ ಆ ಸುಳ್ಳು ಹೇಳಲಾರೆ.

ನಿನ್ನ ಗಿರಣಿಗೆ ಬರ್ತೇನೆ. ಆಫ್ ಮಾಡೋಕೆ ಕೈ ಬರ್ತಿಲ್ಲ ಅಂತ ಬರೆದಾಗ ನಿನ್ನ ಕಣ್ಣ ಮುಂದೆ ಇದ್ದದ್ದು ಗಿರಣಿಯ ಸ್ವಿಚ್ಚೇ ಹೌದೋ ಅಲ್ಲವೋ ಅಂತ ನಾನು ಕೇಳೋದಿಲ್ಲ. ಆ ಫೋನಿನ ವಿಷಯ ನಾವಿಬ್ಬರೂ ಇವತ್ತಿನವರೆಗೂ ಎತ್ತಿಲ್ಲ, ಪೂರ್ತಿ ಎತ್ತೋಕೆ ಈಗಲೂ ನನ್ನ ಕೈಲಾಗಲ್ಲ. ಒಂದೇ ಮಾತು ಬರೀತೇನೆ. ಅವತ್ತು ರಾತ್ರಿ ಡಾಕ್ಟರು ನನ್ನನ್ನ ಕೇಳಿದರು. ಅಕ್ಕನ ಕಾಲ ಹತ್ತಿರ ನಿಂತಿದ್ದವನು ನಾನು. ಅವಳ ಪಾದ ಎಷ್ಟು ತಣ್ಣಗಿತ್ತು ಅಂತ ಮುಟ್ಟಿ ನೋಡಿದ್ದವನು ನಾನು. ಉತ್ತರ ನನಗೆ ಗೊತ್ತಿತ್ತು. ಗೊತ್ತಿದ್ದೂ ಆಚೆ ಬಂದು, ಏಳೆಂಟು ಸಾವಿರ ಕಿಲೋಮೀಟರ್ ದೂರದಲ್ಲಿದ್ದ ನಿನಗೆ ಫೋನ್ ಹಚ್ಚಿ "ನೀನೇ ಹೇಳಪ್ಪ, ಮಗ ನೀನು" ಅಂದುಬಿಟ್ಟೆ. ನಿನ್ನ ಹಕ್ಕು ಅಂತ ಕೇಳಿದೆ ಅನ್ನೋದು ನಾನು ನನಗೇ ಹೇಳಿಕೊಂಡ ನೆಪ. ಹೆದರಿದ್ದೆ ಪುಟ್ಟ. ನೀನು "ಸರಿ ಮಾವ" ಅಂದೆ. ಆ ಎರಡು ಪದ ನಿನ್ನ ಬಾಯಲ್ಲಿ ಬರಬಾರದಿತ್ತು, ನನ್ನ ಬಾಯಲ್ಲಿ ಬರಬೇಕಿತ್ತು. ಹಿರಿಯ ಅಂತ ಇದ್ದದ್ದು ಅದಕ್ಕೇ ತಾನೆ.

ಇನ್ನು ಬರೆಯಲ್ಲ ಅದನ್ನ.

ನಾವು ಚಿಕ್ಕವರಿದ್ದಾಗ ಅಕ್ಕ ತೆಂಗಿನ ಗರಿಯಲ್ಲಿ ಗಿರಗಿಟ್ಲೆ ಮಾಡಿಕೊಡ್ತಿದ್ದಳು, ನಡುವೆ ಜಾಲಿ ಮುಳ್ಳು. ನಾನು ಮಾಡಿದ್ದು ಒಂದೂ ತಿರುಗ್ತಿರಲಿಲ್ಲ, ಮುಳ್ಳು ಬಿಗಿಯಾಗಿ ಚುಚ್ಚಿಬಿಡ್ತಿದ್ದೆ. "ಮುಳ್ಳಿಗೆ ಜಾಗ ಬಿಡೋ ಗೂಬೆ" ಅಂತ ತೂತು ದೊಡ್ಡದು ಮಾಡಿಕೊಡ್ತಿದ್ದಳು. ನಿನ್ನ ಹಿತ್ತಾಳೆ ಕೊಳವೆಯನ್ನೂ ಒಂದು ಸಲ ನೋಡು, ಮೋಟಾರಿನಿಂದ ಬಿಚ್ಚಿ ರೆಕ್ಕೆಯನ್ನ ಬಾಯಲ್ಲಿ ಊದಿದರೆ ಅಲ್ಲಾಡಬೇಕು. ಯಾವಾಗಲೂ ಒಂದೇ ರೆಕ್ಕೆ ಕೆಳಗೆ ಬಂದು ನಿಂತರೆ ಅದಕ್ಕೆ ಅಂಟು ಜಾಸ್ತಿಯಾಗಿದೆ ಅಂತ. ಗಾಳಿ ಬಿದ್ದುಹೋದರೆ ಗಿರಗಿಟ್ಲೆ ನಿಲ್ಲುತ್ತಲ್ಲ, ನನಗೆ ಅದು ಆಗ್ತಿರಲಿಲ್ಲ. ನಿಲ್ಲಬಾರದು ಅಂತ ಕಣದ ಸುತ್ತ ಓಡ್ತಿದ್ದೆ, ಮುಗ್ಗರಿಸಿ ಮಂಡಿ ತರಚಿಕೊಳ್ಳೋವರೆಗೂ. ನೀನು ಯಾರನ್ನ ಹೋತಿದ್ದೀಯ ಅಂತ ನಿನ್ನತ್ತೆ ಸುಮ್ಮನೆ ಹೇಳಲ್ಲ.

ಇನ್ನೊಂದು ವಿಷಯ, ನೀನೇ ನನಗೆ ಕಲಿಸಿದ್ದು. 2014ರ ಜುಲೈನಲ್ಲಿ ಆ ಮಲೇಷ್ಯಾ ವಿಮಾನ ಬಿದ್ದು 298 ಜನ ಹೋದರು. ಶವದ ಪೆಟ್ಟಿಗೆಗಳು ನಿಮ್ಮ ಐಂಡ್‌ಹೋವನ್ನಿಗೇ ಬಂದವು, ರಸ್ತೆ ಬದಿ ಜನ ಉಸಿರೆತ್ತದೆ ನಿಂತಿದ್ದೆವು ಅಂತ ಬರೆದಿದ್ದೆ. ಆಗ ದೇಶದ ಗಿರಣಿಗಳನ್ನೆಲ್ಲ ಸೂತಕದ ಭಂಗಿಯಲ್ಲಿ ನಿಲ್ಲಿಸಿದ್ದರು ಅಂತಲೂ ಬರೆದಿದ್ದೆ, ಚಿತ್ರ ಬೇರೆ ಗೀಚಿದ್ದೆ. ಆ ಕಾಗದ ಹುಡುಕಿ ತೆಗೆದೆ, ಮುಂದೆಯೇ ಇದೆ. ಎದುರಿಗೆ ನಿಂತು ನೋಡಿದರೆ ಗಿರಣಿ ಎಡಕ್ಕೆ ತಿರುಗುತ್ತೆ. ಮೇಲಿನ ರೆಕ್ಕೆ ನೆತ್ತಿಗೆ ಬರೋ ಸ್ವಲ್ಪ ಮುಂಚೆ ನಿಲ್ಲಿಸಿದರೆ ಮನೆಯಲ್ಲಿ ಮದುವೆಯೋ ಮಗುವೋ, ಸಂತೋಷ. ನೆತ್ತಿ ದಾಟಿ ಸ್ವಲ್ಪ ಎಡಕ್ಕೆ ವಾಲಿದಾಗ ನಿಲ್ಲಿಸಿದರೆ ಸೂತಕ. ನೆಟ್ಟಗೆ ಕೂಡಿಸುವ ಗುರುತಿನ ಹಾಗಿದ್ದರೆ ಈಗ ಬರ್ತೇನೆ ಅನ್ನೋ ಚಿಕ್ಕ ವಿರಾಮ, ಓರೆ ಕತ್ತರಿಯ ಹಾಗಿದ್ದರೆ ದೀರ್ಘ ವಿರಾಮ. ನಿಂತ ಗಿರಣಿ ನೋಡಿ ಊರಿನವರು ಸುದ್ದಿ ತಿಳಕೊಳ್ತಿದ್ದರು. ತಿರುಗ್ತಾ ಇರೋ ಗಿರಣಿ ಹಿಟ್ಟು ಬೀಸುತ್ತೆ, ಸುದ್ದಿ ಹೇಳಲ್ಲ.

ನಮ್ಮ ಕೈಮರವೂ ಹಾಗೇ ಇತ್ತು. ತಂತಿ ಎಳೆದರೆ ಕೈ ಕೆಳಗಿಳಿದು ದಾರಿ ಕೊಡುತ್ತೆ. ತಂತಿ ಹರಿದರೆ ಕಂಬದ ಮೇಲಿನ ಭಾರದ ಬಿಲ್ಲೆ ಕೈಯನ್ನ ಅಡ್ಡಕ್ಕೆ ತಂದು ನಿಲ್ಲಿಸುತ್ತೆ. ಅದನ್ನ ಮಾಡಿದವನು ಕೆಟ್ಟರೆ ಏನಾಗಬೇಕು ಅನ್ನೋದನ್ನ ಮೊದಲು ಯೋಚಿಸಿದ್ದ. ಮೂವತ್ತು ಚಿಲ್ಲರೆ ವರ್ಷ ಅದಕ್ಕೆ ಎಣ್ಣೆ ಹಾಕಿದವನು ನಾನು, ಆಸ್ಪತ್ರೆ ಕಾರಿಡಾರಿನಲ್ಲಿ ಮಾತ್ರ ನಿಲ್ಲು ಅನ್ನೋಕೆ ಬಾಯಿ ಬರಲಿಲ್ಲ.

ಅವಳ ಸೂತಕಕ್ಕೆ ನಿನಗೆ ಬರೋಕೆ ಆಗಲಿಲ್ಲ. ಹತ್ತು ದಿನ ಇಲ್ಲಿ ನಾವು ಏನೇನೋ ಮಾಡಿದೆವು, ನೀನು ಅಲ್ಲಿ ಒಬ್ಬನೇ ಫೋನಿನಲ್ಲಿ ನೋಡಿದೆ. ಹೀಗೆ ಮಾಡಿದರೆ ಆಗುತ್ತಾ ನೋಡು, ಆಗದಿದ್ದರೆ ಬಿಡು, ಬೇಜಾರಿಲ್ಲ. ಒಂದು ಸಂಜೆ, ಮಗು ಎದ್ದಿರುವಾಗಲೇ, ಹೆಂಡತಿಯನ್ನೂ ಪಕ್ಕದಲ್ಲಿ ಕೂರಿಸಿಕೊ. ಮೇಲಿನ ರೆಕ್ಕೆ ನೆತ್ತಿ ದಾಟೋದನ್ನ ಕಾದು ಸ್ವಿಚ್ಚು ತೆಗೆ. ನಿನ್ನ ಕೈ ನಡುಗಿದರೆ ನನಗೆ ಫೋನ್ ಮಾಡು, ಈ ಸಲ ಮಾತು ನಾನು ಹೇಳ್ತೇನೆ, ನೀನು ಬರೀ ಗುಂಡಿ ಒತ್ತು. ಹತ್ತು ದಿನ ಹಾಗೇ ಇರಲಿ. ರೈಲು ಬೇಕಾದರೆ ಓಡಿಸು, ಅದಕ್ಕೆ ಸೂತಕ ಇಲ್ಲ.

ಆಮೇಲೆ ಹೊಸ ಮೋಟಾರು ಹಾಕಿಕೊ.

ವಿಡಿಯೊ ಕಳಿಸಬೇಡ, ಫೋನಿನಲ್ಲಿ ನನಗೆ ಕಾಣಲ್ಲ. ನಿಂತಿರೋದರ ಫೋಟೊ ಹಾಕಿಸಿ ಕಳಿಸು, ಇದೇ ಅಳತೆಗೆ.

ಇಂತಿ ನಿನ್ನ
ಮಾವ

ಮರೆತಿದ್ದೆ: ಎಣ್ಣೆ ಹಾಕೋದಾದರೆ ಹೊಲಿಗೆ ಮಿಷನ್ ಎಣ್ಣೆ ಸೂಜಿ ತುದಿಯಲ್ಲಿ ಒಂದೇ ತೊಟ್ಟು, ಜಾಸ್ತಿ ಆದರೆ ಧೂಳು ಹಿಡಿಯುತ್ತೆ. ಗಿರಣಿಗೆ ಕರೆಂಟು ಹಳಿಯಿಂದ ತೆಗೀಬೇಡ, ಬೇರೆ ಅಡಾಪ್ಟರ್ ಇಡು. ಮೋಟಾರಿನ ಕೆಳಗೆ ಸ್ಪಂಜಿನ ತುಂಡು ಕೊಟ್ಟರೆ ಆ ಗುಂಯ್ ಸದ್ದು ಮೇಜಿಗೆ ಇಳಿಯಲ್ಲ, ಮಗು ಮಲಗುತ್ತೆ.