ಫ್ಲ್ಯಾಟ್ ಹೊಡೆತದವರಿಗೆ ಗಡಸು ಗಟ್ಟಿಂಗ್ ಬೇಡ

ಮಾನ್ಯ ಸಂಪಾದಕರೇ,

ಕೊಡಗಿನವರೇ ಆದ ರೋಹನ್ ಬೋಪಣ್ಣ ಅವರು 2024ರ ಜನವರಿಯಲ್ಲಿ, ತಮ್ಮ 43ನೇ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆಗೂಡಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಪ್ರಶಸ್ತಿ ಗೆದ್ದರು. ಹಾಕಿಯ ನಾಡೆನಿಸಿಕೊಂಡ ನಮ್ಮಲ್ಲಿ ಟೆನಿಸ್ ಕಲಿಯುವ ಮಕ್ಕಳನ್ನೂ, ಬಹುಕಾಲದ ಮೇಲೆ ಮತ್ತೆ ರಾಕೆಟ್ ಹಿಡಿದ ಹಿರಿಯರನ್ನೂ ನೋಡುವುದು ನನಗೆ ಬಹಳ ಸಂತೋಷದ ವಿಷಯ. ಆದರೆ ಇವರಲ್ಲಿ ಹಲವರು ಮೊಣಕೈಗೆ ಪಟ್ಟಿ ಬಿಗಿದುಕೊಂಡು ಆಡುವುದನ್ನು ಕಂಡು ಈ ಪತ್ರ ಬರೆಯುತ್ತಿದ್ದೇನೆ. ನೋವಿಗೆ ವಯಸ್ಸನ್ನೋ ಹೊಡೆಯುವ ಕ್ರಮವನ್ನೋ ದೂರುವವರು, ತಮ್ಮ ರಾಕೆಟ್ಟಿನಲ್ಲಿರುವ ಗಟ್ಟಿಂಗ್, ಅಂದರೆ ತಂತಿಯ ಹೆಣಿಗೆ, ಯಾವುದು, ಎಷ್ಟು ಬಿಗಿ, ಎಷ್ಟು ಹಳೆಯದು ಎಂದು ವಿಚಾರಿಸುವುದು ತೀರ ಅಪರೂಪ.

1997ರಲ್ಲಿ ಗುಸ್ಟಾವೊ ಕುಯೆರ್ಟನ್ ಅವರು ಲಕ್ಸಿಲಾನ್ ಕಂಪನಿಯ ಪಾಲಿಯೆಸ್ಟರ್ ತಂತಿಯೊಂದಿಗೆ ಫ್ರೆಂಚ್ ಓಪನ್ ಗೆದ್ದ ನಂತರ ವೃತ್ತಿಪರರು ಒಬ್ಬೊಬ್ಬರಾಗಿ ಆ ತಂತಿಯತ್ತ ಹೊರಳಿದರು. ಅದಕ್ಕೆ ಕಾರಣವಿತ್ತು. ಚೆಂಡನ್ನು ಕೆಳಗಿನಿಂದ ಮೇಲಕ್ಕೆ ಸವರಿ ಹೊಡೆದಾಗ ಉದ್ದ ತಂತಿಗಳು ಅಡ್ಡ ತಂತಿಗಳ ಮೇಲೆ ಜಾರಿ, ಚೆಂಡು ಬಿಟ್ಟು ಹೋಗುವ ಮುನ್ನವೇ ಸ್ವಸ್ಥಾನಕ್ಕೆ ಚಿಮ್ಮುತ್ತವೆ. ಆ ಚಿಮ್ಮುವಿಕೆಯೇ ಚೆಂಡಿನ ಮುಂದಕ್ಕುರುಳುವ ತಿರುಗುವಿಕೆಯನ್ನು, ಅಂದರೆ ಟಾಪ್‌ಸ್ಪಿನ್ನನ್ನು ಹೆಚ್ಚಿಸುತ್ತದೆ. ನಡಾಲ್ ಅವರು ಬಳಸುತ್ತಿದ್ದ ಬ್ಯಾಬೊಲಾಟ್ ಆರ್‌ಪಿಎಂ ಬ್ಲಾಸ್ಟ್ ಎಂಟು ಮೂಲೆಗಳ ತಂತಿ, ಅದೂ 1.35 ಮಿಲಿಮೀಟರ್ ದಪ್ಪದ್ದು. ಅವರ ಆಟಕ್ಕೆ ಅದು ಸರಿಹೊಂದಿತ್ತು. ಆದರೆ ಚೆಂಡಿಗೆ ಹೆಚ್ಚು ಸ್ಪಿನ್ ಕೊಡದೆ ನೇರವಾಗಿ, ಅಂದರೆ ಫ್ಲ್ಯಾಟ್ ಆಗಿ ಹೊಡೆಯುವವರ ರಾಕೆಟ್ಟಿನಲ್ಲಿ ತಂತಿಗಳು ಅಷ್ಟಾಗಿ ಜಾರುವುದೇ ಇಲ್ಲ. ಮೂಲೆಗಳುಳ್ಳ ಗಡಸು ತಂತಿಯಿಂದ ಅವರಿಗೆ ದೊರೆಯುವ ಲಾಭ ಅತ್ಯಲ್ಪ, ಅದರ ಪೆಟ್ಟು ಮಾತ್ರ ಪೂರ್ತಿಯಾಗಿ ತೋಳಿಗೆ ಬರುತ್ತದೆ.

ಹಾಗಾದರೆ ಫ್ಲ್ಯಾಟ್ ಆಟಗಾರರಿಗೆ ಪಾಲಿಯೆಸ್ಟರೇ ಬೇಡವೇ ಎಂದು ಕೇಳಬಹುದು. ಬೇಕು ಎಂಬುದೇ ನನ್ನ ಅಭಿಪ್ರಾಯ. ಅವರ ಚೆಂಡು ನೆಟ್ಟಿಗೆ ಸಮೀಪದಲ್ಲಿಯೇ ಹಾದುಹೋಗುತ್ತದೆ, ಮತ್ತು ಅದನ್ನು ಗೆರೆಯೊಳಗೆ ಇಳಿಸಲು ಸ್ಪಿನ್ನಿನ ನೆರವಿರುವುದಿಲ್ಲ. ಆದ್ದರಿಂದ ಚೆಂಡನ್ನು ಅತಿಯಾಗಿ ಚಿಮ್ಮಿಸದ ತಂತಿಯೇ ಅವರಿಗೆ ಬೇಕಾಗುತ್ತದೆ. ಈ ಗುಣ ಪಾಲಿಯೆಸ್ಟರಿಗೆ ಸ್ವಭಾವತಃ ಇರುವುದರಿಂದಲೇ ಅದನ್ನು ಇನ್ನಷ್ಟು ಬಿಗಿಯಾಗಿ ಕಟ್ಟಿಸುವ ಅಗತ್ಯವಿಲ್ಲ. ನೈಲಾನ್ ತಂತಿಯನ್ನು 55 ಪೌಂಡ್ ಬಿಗಿಗೆ ಕಟ್ಟಿಸುತ್ತಿದ್ದವರು ಪಾಲಿಯೆಸ್ಟರನ್ನು 50 ಪೌಂಡಿನಿಂದ ಆರಂಭಿಸಿ, ಚೆಂಡು ಗೆರೆ ದಾಟದಿರುವವರೆಗೆ ಪ್ರತಿ ಸಲವೂ ಎರಡೆರಡು ಪೌಂಡ್ ಇಳಿಸುತ್ತಾ ಹೋಗಬಹುದು. ಯೋನೆಕ್ಸ್ ಪಾಲಿ ಟೂರ್ ಪ್ರೊ, ಲಕ್ಸಿಲಾನ್ ಎಲಿಮೆಂಟ್, ಹೆಡ್ ಲಿಂಕ್ಸ್ ಇವು ಮೂಲೆಗಳಿಲ್ಲದ, ಪಾಲಿಯೆಸ್ಟರಿನಲ್ಲಿ ಮೃದುವೆಂದು ಹೆಸರಾದ ತಂತಿಗಳು. ತಂತಿಗಳು ಒಂದನ್ನೊಂದು ಉಜ್ಜಿ ಕೊರೆಯುವುದು ಫ್ಲ್ಯಾಟ್ ಹೊಡೆತದಲ್ಲಿ ಕಡಿಮೆಯಾದ್ದರಿಂದ 1.30ರ ಬದಲು 1.25 ಅಥವಾ 1.20 ಮಿಲಿಮೀಟರಿನ ತೆಳು ತಂತಿಯನ್ನು ಅವರು ಧೈರ್ಯವಾಗಿ ಹಾಕಿಸಬಹುದು. ಈಗಾಗಲೇ ಮೊಣಕೈ ನೋಯುತ್ತಿರುವವರು ಉದ್ದಕ್ಕೆ ಮಲ್ಟಿಫಿಲಮೆಂಟ್ (ಹಲವು ಸಣ್ಣ ಎಳೆಗಳನ್ನು ಹೊಸೆದ ಮೃದು ತಂತಿ), ಅಡ್ಡಕ್ಕೆ ಮೃದು ಪಾಲಿಯೆಸ್ಟರ್ ಹಾಕಿಸುವುದು ಇನ್ನೂ ಒಳ್ಳೆಯದು. ಫೆಡರರ್ ಅವರೇ ಉದ್ದಕ್ಕೆ ನ್ಯಾಚುರಲ್ ಗಟ್ (ಪ್ರಾಣಿಯ ಕರುಳಿನಿಂದ ಮಾಡಿದ ತಂತಿ), ಅಡ್ಡಕ್ಕೆ ಪಾಲಿಯೆಸ್ಟರ್ ಬಳಸುತ್ತಿದ್ದರು; ನ್ಯಾಚುರಲ್ ಗಟ್ ಎಲ್ಲಕ್ಕಿಂತ ಮೃದುವಾದರೂ ತೇವ ತಾಳದು, ಬೆಲೆಯೂ ಹೆಚ್ಚು, ಆದ್ದರಿಂದ ಕೊಡಗಿನ ಹವೆಗೆ ಅದನ್ನು ನಾನು ಹೇಳಲಾರೆ. ಬೆಳೆಯುತ್ತಿರುವ ಮಕ್ಕಳ ರಾಕೆಟ್ಟಿಗೆ ಪೂರ್ತಿ ಪಾಲಿಯೆಸ್ಟರ್ ಹಾಕಿಸಲೇಬಾರದೆಂದು ಪೋಷಕರಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ.

ನಮ್ಮ ಊರಿನ ಎತ್ತರವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಸಮುದ್ರ ಮಟ್ಟದಿಂದ 1,219 ಮೀಟರಿಗಿಂತ ಮೇಲಿನ ಸ್ಥಳಗಳಿಗೆಂದೇ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ನಿನ ನಿಯಮಗಳಲ್ಲಿ ಬೇರೆ ಬಗೆಯ ಚೆಂಡಿದೆ; ಮಡಿಕೇರಿ ಆ ಗಡಿಗೆ ಸ್ವಲ್ಪವೇ ಕೆಳಗೆ, ಸುಮಾರು 1,150 ಮೀಟರಿನಲ್ಲಿದೆ. ಗಾಳಿ ತೆಳುವಾಗಿರುವುದರಿಂದ ಬಯಲುಸೀಮೆಯಿಂದ ಬಂದವರ ಚೆಂಡು ಇಲ್ಲಿ ಗೆರೆ ದಾಟಿ ಬೀಳುತ್ತದೆ, ಅವರು ಕೂಡಲೇ ಗಟ್ಟಿಂಗ್ ಬಿಗಿ ಮಾಡಿಸುತ್ತಾರೆ. ಡಿಸೆಂಬರ್ ಜನವರಿಯ ಬೆಳಗಿನ ಚಳಿಗೆ ಪಾಲಿಯೆಸ್ಟರ್ ಮತ್ತಷ್ಟು ಗಡಸಾಗುತ್ತದೆ. ಬಿಗಿ ಮಾಡಿಸಿದ ಆ ತಂತಿಯಲ್ಲಿಯೇ ಆಡಿದರೆ ಪೆಟ್ಟು ನೇರವಾಗಿ ಮೊಣಕೈಯ ಹೊರಬದಿಯ ಸ್ನಾಯುರಜ್ಜಿಗೆ ಬೀಳುತ್ತದೆ. ಹಗಲೆಲ್ಲ ತೋಟದಲ್ಲಿ ಕತ್ತರಿ ಹಿಡಿದು ಕಾಫಿ ಗಿಡ ಸವರುವವರು ಅದೇ ಸ್ನಾಯುರಜ್ಜನ್ನು ಮೊದಲೇ ದಣಿಸಿಕೊಂಡಿರುತ್ತಾರೆ ಎಂಬುದನ್ನೂ ಮರೆಯಬಾರದು. ಚಳಿಗಾಲದಲ್ಲಿ ಬಿಗಿಯನ್ನು ಎರಡು ಪೌಂಡ್ ಇಳಿಸುವುದೇ ಸರಿಯಾದ ದಾರಿ.

ಇಷ್ಟೆಲ್ಲ ಆರಿಸಿ ಹಾಕಿಸಿದ ಮೇಲೂ ಒಂದು ಅಪಾಯ ಉಳಿಯುತ್ತದೆ, ಮತ್ತು ನನ್ನ ದೃಷ್ಟಿಯಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು. ಟಾಪ್‌ಸ್ಪಿನ್ ಆಟಗಾರನ ತಂತಿ ಬೇಗ ಕಡಿದುಹೋಗುವುದರಿಂದ ಹೊಸದನ್ನು ಹಾಕಿಸದೆ ಅವನಿಗೆ ಗತ್ಯಂತರವಿಲ್ಲ. ಫ್ಲ್ಯಾಟ್ ಆಟಗಾರನ ತಂತಿ ತಿಂಗಳುಗಟ್ಟಲೆ ಕಡಿಯುವುದಿಲ್ಲ, ಅವನು ಅದನ್ನೇ ಗಟ್ಟಿತನದ ಗುರುತೆಂದು ಭಾವಿಸುತ್ತಾನೆ. ಆದರೆ ಪಾಲಿಯೆಸ್ಟರ್ ಹತ್ತರಿಂದ ಇಪ್ಪತ್ತು ಗಂಟೆಗಳ ಆಟದಲ್ಲಿಯೇ ತನ್ನ ಜೀವ ಕಳೆದುಕೊಳ್ಳುತ್ತದೆ. ಬಿಗಿ ಇಳಿದು, ಚೆಂಡು ಎಲ್ಲಿ ಬೀಳುವುದೆಂಬ ಭರವಸೆ ಹೋದಾಗ ಆಟಗಾರ ತನಗರಿವಿಲ್ಲದೆಯೇ ಹಿಡಿತವನ್ನು ಬಿಗಿಮಾಡುತ್ತಾನೆ, ನೋವು ಅಲ್ಲಿಂದಲೇ ಶುರುವಾಗುತ್ತದೆ. ಇದಕ್ಕೆ ನಮ್ಮ ಮಳೆಗಾಲವೂ ಸೇರಿಕೊಳ್ಳುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಬಯಲು ಅಂಗಳಗಳಲ್ಲಿ ಆಟ ಬಹುತೇಕ ನಿಂತಿರುತ್ತದೆ, ರಾಕೆಟ್ ಗೋಡೆಗೆ ತೂಗಿರುತ್ತದೆ. ಆಡದಿದ್ದರೂ ತಂತಿ ಒಳಗೊಳಗೇ ಸಡಿಲವಾಗುತ್ತಲೇ ಇರುತ್ತದೆ.

ಗಟ್ಟಿಂಗ್ ಮಾಡುವ ಅಂಗಡಿಯವರಲ್ಲಿ ನನ್ನ ವಿನಂತಿ ಇಷ್ಟೇ: ರಾಕೆಟ್ ತಂದವರ ಹೊಡೆತ ಎಂಥದು, ಕೈ ನೋವಿದೆಯೇ ಎಂದು ಮೊದಲು ಕೇಳಿ, ಕೆಲಸ ಮುಗಿದ ಮೇಲೆ ತಂತಿಯ ಹೆಸರು, ಪೌಂಡ್ ಮತ್ತು ದಿನಾಂಕ ಬರೆದ ಚೀಟಿಯೊಂದನ್ನು ರಾಕೆಟ್ಟಿಗೆ ಅಂಟಿಸಿ ಕೊಡಬೇಕು. ಒಂದು ರಾಕೆಟ್ಟಿಗೆ ಸುಮಾರು 12 ಮೀಟರ್ ತಂತಿ ಸಾಕು. 200 ಮೀಟರಿನ ಒಂದು ರೀಲಿನಿಂದ ಹದಿನಾರು ರಾಕೆಟ್ಟುಗಳಿಗೆ ಗಟ್ಟಿಂಗ್ ಆಗುತ್ತದೆ. ವಿರಾಜಪೇಟೆ, ಪೊನ್ನಂಪೇಟೆ, ಸೋಮವಾರಪೇಟೆ, ಕುಶಾಲನಗರಗಳ ಕ್ಲಬ್‌ಗಳು ಮೃದುವಾದ ದುಂಡು ತಂತಿಯ ಒಂದೊಂದು ರೀಲನ್ನು ಒಟ್ಟಾಗಿ ಕೊಂಡರೆ ಆಗಾಗ್ಗೆ ತಂತಿ ಬದಲಿಸುವ ಖರ್ಚು ಯಾರಿಗೂ ಭಾರವಾಗದು. ಅಕ್ಟೋಬರಿನ ಕಾವೇರಿ ಸಂಕ್ರಮಣದ ಹೊತ್ತಿಗೆ ಅಂಗಳಗಳು ಒಣಗುತ್ತವೆ. ಅಷ್ಟರೊಳಗೆ ಆ ರೀಲುಗಳು ಬಂದಿರಲಿ, ಮತ್ತು ಮಳೆಗಾಲ ಪೂರ್ತಿ ತೂಗಿದ್ದ ಹಳೆಯ ತಂತಿಯನ್ನು ಕತ್ತರಿಸಿ ತೆಗೆಯದೆ ಯಾರೂ ಮೊದಲ ಸರ್ವ್ ಹೊಡೆಯದಿರಲಿ ಎಂದು ಕೋರುತ್ತೇನೆ.

– ಹವ್ಯಾಸಿ ಟೆನಿಸ್ ಆಟಗಾರ, ವಿರಾಜಪೇಟೆ