ಅಧಿಕಾರವಿಲ್ಲದ ಸ್ವಾಯತ್ತತೆ ಯಾರಿಗೆ ಬೇಕು?

ಮಾನ್ಯ ಸಂಪಾದಕರೇ,

ಡಾರ್ಜಿಲಿಂಗ್ ಬಂದ್ ಕುರಿತ ನಿಮ್ಮ ನಿನ್ನೆಯ ವರದಿಯಲ್ಲಿ ಪ್ರವಾಸಿಗರಿಗೆ ‘ಅಲ್ಪ ತೊಂದರೆ’ಯಾಯಿತೆಂದು ಬರೆದಿದ್ದೀರಿ. ಆ ಅಲ್ಪ ತೊಂದರೆಯನ್ನು ಅನುಭವಿಸಿದವರಲ್ಲಿ ನಾನೂ ಒಬ್ಬ. ಗೊತ್ತುಮಾಡಿದ್ದ ಜೀಪು ಬರಲಿಲ್ಲ, ಬಾಗ್‌ಡೋಗ್ರಾದಲ್ಲಿ ವಿಮಾನ ತಪ್ಪಿತು, ಟಿಕೆಟ್ಟಿನ ಹಣ ಮುಳುಗಿತು, ತಾಯಿಯವರ ರಕ್ತದೊತ್ತಡದ ಮಾತ್ರೆ ಮುಗಿದಾಗ ತೆರೆದ ಔಷಧದಂಗಡಿ ಒಂದೂ ಸಿಗಲಿಲ್ಲ. ದೂರು ಹೇಳಲು ಫೋನ್ ಮಾಡಿದ ಕಚೇರಿಗಳೆಲ್ಲ ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಬಹಳ ವಿನಯದಿಂದ ತಿಳಿಸಿದವು.

ಯಾರ ವ್ಯಾಪ್ತಿಗೂ ಬಾರದಿರುವುದೇ ಈ ಬೆಟ್ಟಗಳ ಆಡಳಿತದ ಚರಿತ್ರೆಯಾಗಿದೆ. ನೇಪಾಳಿ ಮಾತಾಡುವ ಇಲ್ಲಿನ ಗೋರ್ಖಾ ಜನರಿಗೆ ಗೋರ್ಖಾಲ್ಯಾಂಡ್ ಎಂಬ ಪ್ರತ್ಯೇಕ ರಾಜ್ಯ ಬೇಕೆಂದು ಸುಭಾಷ್ ಘೀಸಿಂಗ್ ನಡೆಸಿದ ರಕ್ತಸಿಕ್ತ ಚಳವಳಿಯನ್ನು ತಣಿಸಲು ಸರ್ಕಾರದವರು 1988ರಲ್ಲಿ ಗುಡ್ಡಗಾಡು ಮಂಡಳಿಯನ್ನು ಕೊಟ್ಟರು; ಅದು ಸೊರಗಿದ ಮೇಲೆ, 2011ರಲ್ಲಿ ಅದೇ ಬೇಡಿಕೆಯ ಮುಂದಿನ ನಾಯಕ ಬಿಮಲ್ ಗುರುಂಗರ ಪಕ್ಷದೊಂದಿಗೆ ಒಪ್ಪಂದ ಮಾಡಿಕೊಂಡು ಗೋರ್ಖಾಲ್ಯಾಂಡ್ ಪ್ರಾದೇಶಿಕ ಆಡಳಿತವನ್ನು ಸ್ಥಾಪಿಸಿದರು. ಇಲಾಖೆಗಳ ಪಟ್ಟಿಯೇನೋ ಉದ್ದವಾಗಿತ್ತು, ಆದರೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ಪ್ರತ್ಯೇಕ ರಾಜ್ಯದ ಹೆಸರನ್ನು ಫಲಕದ ಮೇಲೆ ಬರೆದುಕೊಟ್ಟು ರಾಜ್ಯವನ್ನು ಮಾತ್ರ ಕೊಡದ ಈ ಜಾಣತನಕ್ಕೆ ಯಾವ ಬಿರುದು ಕೊಡಬೇಕೋ ತಿಳಿಯದು. 2017ರಲ್ಲಿ ಶಾಲೆಗಳಲ್ಲಿ ಬಂಗಾಳಿ ಕಡ್ಡಾಯವಾಗುತ್ತದೆಂಬ ಸುದ್ದಿಯೊಂದೇ ಸಾಕಾಯಿತು; ಬೆಟ್ಟಗಳು 104 ದಿನ ಮುಚ್ಚಿಕೊಂಡವು. ಆಮೇಲೆ 2022ರವರೆಗೆ ಚುನಾಯಿತ ಸಭೆಯಿಲ್ಲದೆ, ನೇಮಕಗೊಂಡವರೇ ಆ ‘ಸ್ವಾಯತ್ತತೆ’ಯನ್ನು ನಡೆಸಿದರು. ಪಂಚಾಯಿತಿ ಚುನಾವಣೆಯಂತೂ ಎರಡು ದಶಕಗಳ ಬಳಿಕ, 2023ರಲ್ಲಿ, ನಡೆಯಿತು.

ಅಸ್ಸಾಮಿನಲ್ಲಿ ಬೋಡೊ ಬುಡಕಟ್ಟಿನವರ ಪ್ರದೇಶದಲ್ಲಿಯೂ ಇಂಥದೇ ಆಟ ನಡೆದಿತ್ತು. 1993ರ ಒಪ್ಪಂದದ ಮಂಡಳಿಗೆ ಗಡಿಯನ್ನೇ ಸರಿಯಾಗಿ ನಿಗದಿಪಡಿಸಲಿಲ್ಲ, ಬಂದೂಕುಗಳು ಕೆಳಗಿಳಿಯಲಿಲ್ಲ. 2003ರಲ್ಲಿ, ಬುಡಕಟ್ಟು ಪ್ರದೇಶಗಳ ಮಂಡಳಿಗಳಿಗೆ ಕಾನೂನು ಮಾಡುವ ಅಧಿಕಾರವನ್ನೂ ಕೊಡುವ ಸಂವಿಧಾನದ ಆರನೇ ಅನುಸೂಚಿಯಡಿ ಹೊಸ ಮಂಡಳಿ ರಚನೆಯಾದಾಗ ಬೋಡೊ ಲಿಬರೇಷನ್ ಟೈಗರ್ಸ್ ಎಂಬ ಬಂಡುಕೋರ ಸಂಘಟನೆಯವರು ಶಸ್ತ್ರ ಒಪ್ಪಿಸಿದರು. ಅಲ್ಲಿ ಎಲ್ಲವೂ ಸುಖಾಂತವಾಯಿತೆಂದು ನಾನು ಹೇಳುತ್ತಿಲ್ಲ, ಬೋಡೊಗಳು ಮತ್ತು ಮುಸ್ಲಿಮರ ನಡುವಿನ 2012ರ ಹಿಂಸಾಚಾರ ನೆನಪಿದೆ. ಆದರೂ ಅಧಿಕಾರ ಕೊಡುವುದಕ್ಕೂ ಕೊಟ್ಟಂತೆ ನಟಿಸುವುದಕ್ಕೂ ಇರುವ ವ್ಯತ್ಯಾಸ ಅಲ್ಲಿ ಕಣ್ಣಿಗೆ ಕಾಣುತ್ತದೆ.

ಒಪ್ಪಂದದ ದಿನ ಕ್ಯಾಮೆರಾ ಮುಂದೆ ಸಾಲುಗಟ್ಟಿ ನಿಲ್ಲುವ ಅಧಿಕಾರಿಗಳು ರಸ್ತೆ ಕುಸಿದಾಗಲೂ ಕಾಣುವುದಿಲ್ಲ, ನಲ್ಲಿ ಒಣಗಿದಾಗಲೂ ಕಾಣುವುದಿಲ್ಲ. ಆದ್ದರಿಂದ ಕೋಲ್ಕತ್ತಾ ಮತ್ತು ದೆಹಲಿಯವರು ಬೆಟ್ಟದ ಜನರಿಗೆ ನಿಜವಾದ ಅಧಿಕಾರವನ್ನು ಕೊಡಲಿ, ಇಲ್ಲವೇ ಕೊಡುವುದಿಲ್ಲವೆಂದು ನೇರವಾಗಿ ಹೇಳಲಿ. ಬಂದ್ ಕರೆದ ನಾಯಕರೂ ಮೊದಲು ಔಷಧದಂಗಡಿಯ ಬಾಗಿಲು ತೆಗೆಸಲಿ. ಇವರಿಬ್ಬರಿಗೂ ನಾಚಿಕೆಯಾಗಬೇಕು.

ಇತಿ,
ಒಬ್ಬ ಓದುಗ